ಅಳಿವೆಯಲ್ಲಿ ನೆಟ್ಟ ಕಡ್ಡಿ

ಹೊಳೆ ಸಮುದ್ರ ಸೇರುವ ಅಳಿವೆಯ ಕೆಸರಿನಲ್ಲಿ ನಮ್ಮ ದೋಣಿ ಕೂತುಬಿಟ್ಟಿತು. ಆಚೆ ದಡದಲ್ಲಿ ಶ್ರೀರಂಗಪಟ್ಟಣಕ್ಕೆ ಮರಳಬೇಕಾದ ನಮ್ಮ ಬಸ್ಸು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿತ್ತು. ಗದ್ದೆಯಲ್ಲಿ ಹೂತ ಟ್ರಾಕ್ಟರನ್ನು ನೂಕುವಂತೆ ಎಲ್ಲರೂ ಇಳಿದು ನೂಕಿದೆವು. ಅಲುಗಲಿಲ್ಲ.

"ಸುಮ್ನೆ ಕೂತ್ಕೊಳ್ಳಿ ಮಾರಾಯ್ರೆ, ಈಗ ಉಬ್ಬರ ಬರ್ತದೆ," ಎಂದ ದೋಣಿಯವನು.

ನಮ್ಮ ಜೊತೆಗಿದ್ದ ಗಂಜಾಂನ ಕಾಳೇಗೌಡರು ನಂಬಲಿಲ್ಲ. ಊರಲ್ಲಿ ಕಾವೇರಿಯ ಏರಿಕೆ ನೋಡುವಂತೆ ನೀರಂಚಿಗೆ ಕಡ್ಡಿ ನೆಟ್ಟು ಕಾದರು. ನೋಡನೋಡುತ್ತಲೇ ಕಡ್ಡಿ ಮುಳುಗಿತು.

"ನೀರ್ ಬುಟ್ಟವ್ರೆ ಕಣ್ರಲಾ! ಯಾವ ಡ್ಯಾಮಪ್ಪಾ ಇದು?"

ದೋಣಿಯವನು ಹಗಲಿನ ಮಾಸಲು ಚಂದ್ರನತ್ತ ಬೆರಳು ತೋರಿಸಿದ. "ಅವನೇ ಎಳೆಯೋದು. ದಿನಕ್ಕೆ ಎರಡು ಸಲ."

ದೋಣಿ ತಾನಾಗಿಯೇ ಮೇಲೆದ್ದಿತು. ಕಾಳೇಗೌಡರು ಟವೆಲು ಬೀಸುತ್ತ ಬಸ್ಸಿನವರಿಗೆ ಕೂಗಿದರು: "ಧರಣಿನೂ ಇಲ್ಲ, ರಸ್ತೆ ತಡೆನೂ ಇಲ್ಲ, ದಿನಕ್ಕೆರಡು ಸಲ ನೀರ್ ಬುಡ್ತಾನೆ ಕಣ್ರಲಾ!"