ಪಾಚಿಯ ಮೇಲಿನ ಮುಚ್ಚಳ

ಕೋಲ್ಕತ್ತದ ಸದರ್ನ್ ಅವೆನ್ಯೂ ಪಕ್ಕದ ಸರೋವರದಿಂದ ಆ ಹಸಿರು ಪಾಚಿಯನ್ನು ತಂದು ಸಾಕಿದವಳು ನಾನು. ಅದು ಅತಿನೇರಳೆ ಕಿರಣವನ್ನು ಹೇಗೆ ತಾಳಿಕೊಳ್ಳುತ್ತದೆ ಎಂಬುದೇ ನನ್ನ ಪಿಎಚ್‌ಡಿ ವಿಷಯವಾಗಬೇಕಿತ್ತು. ಕಿರಣ ತಾಗಿ ಒಳಗೆ ಹಾನಿಯಾದರೆ ಪಾಚಿ ಅದನ್ನು ಸರಿಪಡಿಸುವ ಪ್ರೋಟೀನುಗಳನ್ನು ಹೆಚ್ಚಾಗಿ ತಯಾರಿಸುತ್ತದೆ; ಪರೀಕ್ಷೆಯಲ್ಲಿ ಅವು ಕಪ್ಪು ಪಟ್ಟೆಯಾಗಿ ಕಾಣುತ್ತವೆ. ಆದರೆ ಅದೇ ಪಾಚಿಯ ಮೇಲೆ ನಮ್ಮ ಲ್ಯಾಬಿನ ಇನ್ನೊಬ್ಬಳಿಗೂ ಕಣ್ಣಿತ್ತು. ವಿಷಯ ಸಿಗುವುದು ಒಬ್ಬರಿಗೇ ಎಂದು ಪ್ರೊಫೆಸರ್ ಹೇಳಿದ್ದರು.

ಅವಳು ಧಾರವಾಡದವಳು, ನನ್ನ ರೂಮ್‌ಮೇಟ್. ಇಡೀ ಕೋಲ್ಕತ್ತದಲ್ಲಿ ನಾನು ಕನ್ನಡದಲ್ಲಿ ಜಗಳವಾಡಬಹುದಾಗಿದ್ದ ಒಬ್ಬಳೇ ಒಬ್ಬಳು. ನಾನು ಜ್ವರ ಬಂದು ಮಲಗಿದಾಗ ನನ್ನ ಪಾಚಿಗೆ ಕಿರಣ ಹಾಯಿಸುವ ಕೆಲಸವನ್ನು ತಾನೇ ವಹಿಸಿಕೊಂಡಳು. ಆ ಕೆಲಸದಲ್ಲಿ ತಟ್ಟೆಯ ಪ್ಲಾಸ್ಟಿಕ್ ಮುಚ್ಚಳ ತೆಗೆಯುವುದನ್ನು ಮಾತ್ರ ಮರೆಯಬಾರದು. ದೀಪದ ನೀಲಿ ಬೆಳಕು ಮುಚ್ಚಳ ದಾಟುತ್ತದೆ, ನೋಡಿದವರಿಗೆ ಎಲ್ಲ ಸರಿಯಾಗಿದ್ದಂತೆಯೇ ಕಾಣುತ್ತದೆ. ಅತಿನೇರಳೆ ಮಾತ್ರ ಅಲ್ಲೇ ನಿಂತುಬಿಡುತ್ತದೆ.

“ಮುಚ್ಚಳ ತೆಗೆದೆ ತಾನೆ?” ಎಂದು ಫೋನಿನಲ್ಲಿ ಕೇಳಿದ್ದೆ.

“ತಗದೀನಿ. ನೀ ಗಂಜಿ ಕುಡದು ಮಲಕೋ,” ಎಂದಿದ್ದಳು.

ಜ್ವರ ಬಿಟ್ಟ ಮೇಲೆ ನಾನು ಪರೀಕ್ಷೆ ಮಾಡಿದರೆ ಪಟ್ಟೆ ಕಪ್ಪಾಗಲೇ ಇಲ್ಲ. ನಮ್ಮ ಪಾಚಿ ಅತಿನೇರಳೆಗೆ ಜಗ್ಗುವ ಪೈಕಿಯಲ್ಲ ಎಂದು ವಿಭಾಗದ ಸಭೆಯಲ್ಲಿ ಹೆಮ್ಮೆಯಿಂದ ಹೇಳಿ ಕೂತೆ. ಆಮೇಲೆ ಅವಳು ಎದ್ದಳು. ಅದೇ ಪಾಚಿ, ಅದೇ ದೀಪ, ಇದ್ದಿಲಿನಂಥ ಪಟ್ಟೆ. ಮುಚ್ಚಳ ಹಾಕಿಟ್ಟರೆ ಪಟ್ಟೆ ಬರುವುದಿಲ್ಲ, ಅದನ್ನೂ ಮಾಡಿ ನೋಡಿದ್ದೇನೆ ಎಂದು ಇಂಗ್ಲಿಷಿನಲ್ಲಿ ಹೇಳಿ ಇನ್ನೊಂದು ಚಿತ್ರ ತೋರಿಸಿದಳು. ಅದು ನನ್ನ ಚಿತ್ರದ ಪಡಿಯಚ್ಚು. ಎಲ್ಲರೂ ನನ್ನತ್ತ ತಿರುಗಿದರು.

ಗರಿಯಾಹಾಟ್‌ನ ಆಟೋ ಸಾಲಿನಲ್ಲಿ ನಿಂತಾಗ ಕೇಳಿದೆ, “ನಂಗೆ ಮೊದ್ಲೇ ಯಾಕೆ ಹೇಳ್ಲಿಲ್ಲ?”

“ಅವತ್ತು ಖರೇನ ಮರತಿದ್ದೆ. ಆಮ್ಯಾಲ ಗೊತ್ತಾತು,” ಎಂದಳು. “ಹೇಳಿದ್ರ ವಿಷಯ ನಿನಗ ಸಿಗತಿತ್ತಲ್ಲ.”

ಮರೆವನ್ನಾದರೆ ಕ್ಷಮಿಸಿಬಿಡುತ್ತಿದ್ದೆ. ಇದು ನಂಬಿಸಿ ಕತ್ತು ಕೊಯ್ಯುವ ಕೆಲಸ. ಆಟೋದಲ್ಲಿ ಅವಳ ಪಕ್ಕದಲ್ಲೇ ಕೂತು ಹೋಗಬೇಕಾಯಿತು, ಮನೆ ಒಂದೇ ಆಗಿತ್ತಲ್ಲ.

ವಿಷಯ ಅವಳದಾಯಿತು. ಆದರೆ ಇನ್ನೊಬ್ಬರು ಮಾಡಿ ನೋಡದ ಫಲಿತಾಂಶವನ್ನು ನಮ್ಮ ಪ್ರೊಫೆಸರ್ ಒಪ್ಪುವವರಲ್ಲ. ಈ ಪಾಚಿಯನ್ನು ಚೆನ್ನಾಗಿ ಬಲ್ಲವಳು ನೀನೇ ಎಂದು ಆ ಕೆಲಸವನ್ನು ನನಗೇ ವಹಿಸಿದರು. ಹುಟ್ಟಿದಾರಭ್ಯ ದೇವರನ್ನು ಏನೂ ಕೇಳದವಳು ಕಾಳಿಘಾಟ್‌ಗೆ ಹೋಗಿ, ಅವಳದು ತಪ್ಪಾಗಲಿ ತಾಯಿ ಎಂದು ಕೈಮುಗಿದು ಬಂದೆ. ಮುಚ್ಚಳ ತೆಗೆದು ದೀಪ ಹಾಕಿದೆ. ಪಟ್ಟೆ ಕಪ್ಪಗೆ ಬಂತು. ಅವಳು ಹೇಳಿದ್ದು ಸತ್ಯ ಎಂದು ಸಹಿ ಹಾಕಿದವಳು ನಾನೇ.