ಬ್ರೇಕಿನ ವಿಷಯ ಯಾರಿಗೆ ಹೇಳಿದ್ದು?

ಮುಂದಿದ್ದ ಬಸ್ಸು ನಿಂತಿತು. ನಾನು ನಿಲ್ಲಲಿಲ್ಲ.

ಬಲಗೈಯಲ್ಲಿ ಬ್ರೇಕ್ ಲಿವರ್ ಹಿಡಿದೆ. ಅದು ಬೆಣ್ಣೆಯ ಹಾಗೆ ಹ್ಯಾಂಡಲ್‌ವರೆಗೂ ಬಂತು. ಬೈಕು ಮಾತ್ರ ಹೋಗುತ್ತಲೇ ಇತ್ತು. ಗಾಬರಿಯಲ್ಲಿ ಕಾಲಿನ ಬ್ರೇಕ್ ತುಳಿದೆ. ಹಿಂದಿನ ಚಕ್ರ ಜಾರಿತು, ಗಾಡಿ ವಾಲಿತು, ಹೇಗೋ ಕಾಲೂರಿದೆ. ಬಸ್ಸಿಗೂ ನಮಗೂ ನಡುವೆ ಒಂದು ಗೇಣು ಜಾಗ.

"ಏನಾಯ್ತೇ?" ಹಿಂದೆ ಕೂತಿದ್ದ ನನ್ನ ಗಂಡ ರಘು ಕೇಳಿದ.

ಏನಾಯ್ತು ಅಂತ ನನಗೇನು ಗೊತ್ತು? ಶೋರೂಮಿನಿಂದ ಆಗಷ್ಟೇ ಹೊರಬಿದ್ದ ಹೊಚ್ಚ ಹೊಸ ಬೈಕು. ಹಾರ ಇನ್ನೂ ಬಾಡಿರಲಿಲ್ಲ!

ಇದು ಕಳೆದ ಶನಿವಾರದ ಕತೆ. ಬೈಕು ನನ್ನದು. (ಯಾಕೆ ಸ್ಕೂಟರ್ ತಗೊಳ್ಳಲಿಲ್ಲ ಅಂತ ಕೇಳಬೇಡಿ, ಅಮ್ಮ ಕೇಳಿಯಾಗಿದೆ.) ಮೈಸೂರಿನಲ್ಲಿ ಅಣ್ಣನ ಬೈಕಿನಲ್ಲಿ ಕಲಿತವಳು ನಾನು. ಈಗ ಈ ಮಲಯಾಳಂ ನಾಡಿನಲ್ಲಿ, ಕಾಕ್ಕನಾಡಿನ ಆಫೀಸಿಗೆ ಬಸ್ಸಿನಲ್ಲಿ ನೇತಾಡಿ ಸಾಕಾಗಿತ್ತು. ರಘುವಿಗೆ ಸೈಕಲ್ ಬಿಟ್ಟರೆ ಬೇರೇನೂ ಓಡಿಸಲು ಬರುವುದಿಲ್ಲ.

ಆಲುವದ ಶೋರೂಮಿನಲ್ಲಿ ಇದು ಯಾರಿಗೂ ಬೇಕಾಗಿರಲಿಲ್ಲ. ಬುಕಿಂಗ್ ನನ್ನ ಹೆಸರಲ್ಲಿ. ಸಹಿ ನನ್ನದು. ಆದರೆ "ವೆಲ್ಕಮ್ ಸಾರ್" ರಘುವಿಗೆ, ಕೀ ರಘುವಿನ ಕೈಗೆ. ನನಗೆ ಸಿಕ್ಕಿದ್ದು ಒಂದು ಗುಲಾಬಿ.

ನಾನೇನೂ ಕಣ್ಣುಮುಚ್ಚಿ ತಗೊಳ್ಳಲಿಲ್ಲ. ಹಾರ್ನ್, ಲೈಟು, ಇಂಡಿಕೇಟರ್, ಟೈರು ಎಲ್ಲ ನೋಡಿದೆ. ಬ್ರೇಕ್ ನೋಡಬೇಕು ಅನ್ನುವಷ್ಟರಲ್ಲಿ ಮ್ಯಾನೇಜರ್ ಒಳಗೆ ಕರೆದರು, ಇನ್ಶೂರೆನ್ಸ್ ಸಹಿ ಬಾಕಿಯಂತೆ. ಆ ಹೊತ್ತಿಗೆ ಬೈಕಿನ ಹತ್ತಿರ ರಘು ಮತ್ತು ಮೆಕ್ಯಾನಿಕ್ ಶಾಜಿ ಇಬ್ಬರೇ. ನಾನು ಬರುವಾಗ ಶಾಜಿ ಇರಲಿಲ್ಲ.

"ಏನಂದ ಅವನು?" ಎಂದೆ.

"ಬ್ರೇಕು ಸರಿಯಾಗಿದೆಯಂತೆ" ಎಂದ ರಘು.

ಹೊರಟೆವು. ಆಮೇಲಿನದು ನಿಮಗೆ ಗೊತ್ತು.

ಬೈಕನ್ನು ರಸ್ತೆ ಪಕ್ಕಕ್ಕೆ ತಳ್ಳುವಷ್ಟರಲ್ಲಿ ಶಾಜಿ ಸ್ಕೂಟರಿನಲ್ಲಿ ಧಾವಿಸಿ ಬಂದ. ನಾನು ಬಾಯಿ ತೆರೆಯುವ ಮೊದಲೇ ರಘುವಿನ ಮೇಲೆ ಹರಿಹಾಯ್ದ.

"ಸಾರೇ, ಞಾನ್ ಪರಞ್ಞಲ್ಲೋ! ಬ್ರೇಕಿಲ್ ಏರ್ ಉಂಡ್, ಇಪ್ಪೋ ಶರಿಯಾಕ್ಕಾಂ ಎನ್ನ್!"

ಬ್ರೇಕಿನ ಆಯಿಲ್‌ನಲ್ಲಿ ಗಾಳಿ ಸೇರಿದೆ, ಈಗಲೇ ಸರಿಮಾಡಿ ಕೊಡುತ್ತೇನೆ ಎಂದಿದ್ದನಂತೆ. ಹೇಳಿ ಆಯಿಲ್ ತರಲು ಹೋಗಿದ್ದನಂತೆ, ಬಂದು ನೋಡಿದರೆ ಬೈಕೇ ಇಲ್ಲ. ರಘುವಿನ ಕಿವಿಗೆ ಬಿದ್ದಿದ್ದು "ಶರಿ" ಒಂದೇ. ಎಷ್ಟೆಂದರೂ ನಮ್ಮ ಸರಿ, ಅವರ ಶರಿ ಒಂದೇ ತಾನೇ? ಜೋರಾಗಿ ತಲೆಯಾಡಿಸಿದ್ದ.

"ನನಗ್ಯಾಕೆ ಹೇಳಲಿಲ್ಲ?" ನನಗೆ ಬರುವ ಹರಕು ಮಲಯಾಳಂನಲ್ಲಿ ಶಾಜಿಯನ್ನು ಕೇಳಿದೆ.

ಅವನು ನಿಜಕ್ಕೂ ಗೊಂದಲಕ್ಕೆ ಬಿದ್ದ. "ಚೇಚ್ಚೀ, ವಂಡಿ ಸಾರಿಂಡೆ ಅಲ್ಲೇ?"

ಗಾಡಿ ಸಾರಿನದಲ್ಲವೇ ಅಕ್ಕಾ ಅಂತ! ಹ್ಯಾಂಡಲ್ ಹಿಡಿದು ನಿಂತಿದ್ದವಳು ನಾನು. ಆದರೂ ಕೇಳಿದ. ಅದೂ ಎಷ್ಟು ಮುಗ್ಧವಾಗಿ!

ಬೈಕನ್ನು ತಳ್ಳಿಕೊಂಡು ವಾಪಸು ಹೋದೆವು. ಶಾಜಿ ಬ್ರೇಕ್ ಸರಿಮಾಡುವಾಗ ಪಕ್ಕದಲ್ಲೇ ನಿಂತು, ಕೊನೆಗೆ ನನ್ನ ಕೈಯಿಂದಲೇ ಹತ್ತು ಸಲ ಹಿಡಿದು ನೋಡಿದೆ. ಈ ಸಲ ಲಿವರ್ ಗಟ್ಟಿಯಾಗಿ ನಿಂತಿತು. ರಘು ಮಾತ್ರ ದೂರದಲ್ಲಿ ಕೂತು ನನ್ನ ಗುಲಾಬಿಯ ಎಸಳು ಕೀಳುತ್ತಿದ್ದ.

"ಅರ್ಥ ಆಗ್ಲಿಲ್ಲ ಅಂತ ಹೇಳ್ಬೋದಿತ್ತಲ್ಲೋ?" ಎಂದೆ ಮೆಲ್ಲಗೆ.

"ಭಾಷೆ ಒಂದೇ ಅಲ್ಲ ಕಣೇ. ಬೈಕಿನ ವಿಷಯ ನನಗೆ ಗೊತ್ತಿಲ್ಲ ಅಂತ ಇನ್ನೊಬ್ಬ ಗಂಡಸಿನ ಮುಂದೆ ಹೇಗೆ ಹೇಳೋದು?"

ವಾರದಿಂದ ಯೋಚಿಸುತ್ತಿದ್ದೇನೆ, ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕು ಅಂತಲೇ ಬಗೆಹರಿದಿಲ್ಲ. ಶಾಜಿ ಹೇಳಿದ್ದ. ರಘು ಕೇಳಿಸಿಕೊಂಡಿದ್ದನ್ನು ನನಗೆ ದಾಟಿಸಿದ್ದ. ನಾನೋ, ಓಡಿಸುವವಳು, ಬ್ರೇಕ್ ಹೇಗಿದೆ ಅಂತ ಓಡಿಸದವನನ್ನು ಕೇಳಿ ಹೊರಟಿದ್ದೆ! ಇಷ್ಟಕ್ಕೂ ಒಂದು ಸಲ ಲಿವರ್ ಹಿಡಿದು ನೋಡಲು ಯಾವ ಭಾಷೆ ಬೇಕಿತ್ತು?

ಹೋಗಲಿ, ನಿಮ್ಮೂರಿನ ಶೋರೂಮಿನಲ್ಲಿ ಬ್ರೇಕಿನ ವಿಷಯ ಹೇಳುವುದು ಯಾರಿಗೆ, ಗಾಡಿ ಓಡಿಸುವವರಿಗೋ, ಮೀಸೆ ಇದ್ದವರಿಗೋ?