ಉಪ್ಪಿನ ಡಬ್ಬಿಯ ಅಪೊಲಿನ್ ಮಿಸ್

ಅಪೊಲಿನ್ ಮಿಸ್ ಕುಡಿಯುವ ನೀರಿಗೆ ಉಪ್ಪು ಹಾಕಿಕೊಳ್ಳುತ್ತಿದ್ದರು. ಹೊಲಿಗೆ ಪೀರಿಯಡ್ಡಿನ ನಡುವೆ ಕೈಚೀಲದಿಂದ ಪುಟ್ಟ ಡಬ್ಬಿ ತೆಗೆದು, ಲೋಟಕ್ಕೆ ಒಂದು ಚಿಟಿಕೆ ಉದುರಿಸಿ, ಬೆರಳಲ್ಲೇ ಕದಡಿ ಗಟಗಟ ಕುಡಿಯುವರು. ತುಮಕೂರಿನ ಕಾನ್ವೆಂಟಿನ ಹುಡುಗಿಯರಾದ ನಾವು ಬೆಂಚಿನ ಕೆಳಗೆ ಬಗ್ಗಿ ನಗುತ್ತಿದ್ದೆವು. ಕೇಳಿದರೆ, "ನಿಮ್ಮೂರ ನೀರು ಸಪ್ಪೆ ಕಣ್ರೇ, ನಿಮ್ಮ ಹಾಗೇ" ಎನ್ನುವರು.

ಗೋವಾದವರು. ಮದುವೆಯಾಗಿರಲಿಲ್ಲ. ತುಮಕೂರಿನ ಬಟವಾಡಿ ಬಡಾವಣೆಯಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಕನ್ನಡವನ್ನು ಅಲ್ಲಿನ ತರಕಾರಿ ಗಾಡಿಯವರಿಂದಲೇ ಕಲಿತಿದ್ದರು. ಹೂವಿನ ಫ್ರಾಕು ತೊಟ್ಟು, "ಏನ್ಲಾ, ಹುಳ ಇರೋ ಬದ್ನೇಕಾಯಿ ನಂಗೇ ಮಡ್ಗಿದ್ಯಾ?" ಎಂದು ಗದರಿದರೆ ಬೀದಿಯೇ ತಿರುಗಿ ನೋಡುತ್ತಿತ್ತು.

ಕಸೂತಿ ಕೊಟ್ಟರೆ ಮೊದಲು ಬಟ್ಟೆ ತಿರುಗಿಸಿ ಹಿಂಭಾಗ ನೋಡುವರು. ಒಮ್ಮೆ ನನ್ನ ಗುಲಾಬಿಯ ಹಿಂದಿನ ಗಂಟುಗಳು ಕಾಣದಂತೆ ಲೈನಿಂಗ್ ಹೊಲಿದು ಮುಚ್ಚಿದ್ದೆ. ಕತ್ತರಿ ಹಾಕಿ ಬಿಚ್ಚಿದರು. "ಗಂಟು ಬಿದ್ರೆ ಬೀಳ್ಲಿ ಬಿಡೇ ನಸೀಮಾ. ಮುಚ್ಚಿಟ್ಯಲ್ಲ, ಅದಕ್ಕೆ ಸೊನ್ನೆ."

ಮದುವೆಯಾಗಿ ಗುಬ್ಬಿಗೆ ಬಂದ ಮೇಲೂ ಅವರನ್ನು ನೋಡಲು ಹೋಗುತ್ತಿದ್ದೆ. ಅವರು ರಿಟೈರಾದ ವರ್ಷ, 2003 ಇರಬೇಕು, ನಮ್ಮ ಯಜಮಾನರು ಚಪ್ಪಲಿ ಅಂಗಡಿಗೆ ನಾಲ್ಕು ದಿನ ಬೀಗ ಹಾಕಿ ಮಕ್ಕಳಿಗೆ ಸಮುದ್ರ ತೋರಿಸಲು ಎಲ್ಲರನ್ನೂ ಗೋವಾಕ್ಕೆ ಹೊರಡಿಸಿದರು. ವಿಷಯ ಹೇಳಿದಾಗ ಮಿಸ್ ಖಾಲಿ ಶರಬತ್ತಿನ ಬಾಟಲಿಯೊಂದನ್ನು ತೊಳೆದು ಕೊಟ್ಟರು.

"ಗೋಡಂಬಿ ಗೀಡಂಬಿ ಬೇಡ. ಕಲಂಗೂಟ್ ಬೀಚಿನ ರೋಡಲ್ಲಿ ಬಿಳೀ ಶಿಲುಬೆ ಐತೆ, ಅದರೆದುರಿಗೇ ನಮ್ಮನೆ. ಅಂಗಳದ ಬಾವಿ ನೀರು ತುಂಬ್ಕೊಂಡ್ ಬಾ."

ಆ ಮನೆ ನೋಡಿಕೊಳ್ಳುತ್ತಿದ್ದ ಅವರ ತಮ್ಮ ಪ್ರತಿ ಕ್ರಿಸ್‌ಮಸ್ಸಿಗೂ ಕಾಗದ ಬರೆಯುತ್ತಿದ್ದ: ನಿನ್ನ ಕೋಣೆ ಹಾಗೇ ಇದೆ. ಮೇ ತಿಂಗಳಲ್ಲಿ ಬಟವಾಡಿ ಬಿಟ್ಟು ಊರು ಸೇರುವುದೆಂದು ಮಿಸ್ ನಿಶ್ಚಯಿಸಿದ್ದರು. ಟ್ರಂಕು ಆಗಲೇ ಅರ್ಧ ತುಂಬಿತ್ತು.

ಕಲಂಗೂಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಾಡಿಗೆ ಬೈಕುಗಳು, ಹಚ್ಚೆ ಹಾಕುವವರು, ಚಿಪ್ಪಿನ ಸರ ಹಿಡಿದು ಮೈಮೇಲೇ ಬೀಳುವವರು. ಬಿಯರ್ ಬಾಟಲಿಗಳ ನಡುವೆ ನನ್ನ ಮಕ್ಕಳು ಮರಳಿನ ಗುಡ್ಡೆ ಕಟ್ಟಿದರು. ನನ್ನ ಬುರ್ಖಾ ಮೊಣಕಾಲವರೆಗೆ ಒದ್ದೆ. ಶಿಲುಬೆ ಸಿಕ್ಕಿತು. ಎದುರಿಗೆ ಮೂರಂತಸ್ತಿನ ಹೋಟೆಲು. "ಆ ಮನೆ ಮಾರಿ ಐದು ವರ್ಷ ಆಯ್ತಲ್ಲ" ಎಂದಳು ಪಕ್ಕದ ಅಂಗಡಿಯಾಕೆ, ಹಿಂದಿಯಲ್ಲಿ. ಬಾವಿ ಇದ್ದ ಜಾಗದಲ್ಲಿ ಈಜುಕೊಳ. ಅದರಲ್ಲಿ ಒಬ್ಬ ದಪ್ಪ ಗಂಡಸು ಕಣ್ಣು ಮುಚ್ಚಿಕೊಂಡು ತೇಲುತ್ತಿದ್ದ.

ನಾವು ಇಳಿದಿದ್ದ ಲಾಡ್ಜಿನ ಫಿಲ್ಟರಿನಿಂದ ಬಾಟಲಿ ತುಂಬಿದೆ.

"ಹೇಳ್ಬಿಡೇ. ನಂಬ್ಕೊಂಡು ಹೊರಟೇಬಿಟ್ರೆ?" ಎಂದರು ಯಜಮಾನರು.

"ಮೇ ಬರೋಷ್ಟ್ರಲ್ಲಿ ಹೇಳ್ತೀನಿ" ಎಂದೆ.

ಊರಿಗೆ ಮರಳಿ ಬಟವಾಡಿಗೆ ಹೋದಾಗ ಬಾಟಲಿಯನ್ನು ಮಿಸ್ ಎರಡೂ ಕೈಯಲ್ಲಿ ಇಸಕೊಂಡರು. "ಮನೆ ಹೆಂಗೈತೆ?"

"ಚೆನ್ನಾಗಿದೆ ಮಿಸ್. ನಿಮ್ಮ ಕೋಣೆ ಹಾಗೇ ಇದೆ." ಅಷ್ಟಕ್ಕೇ ನಿಲ್ಲಿಸಬಹುದಿತ್ತು. ತುಮಕೂರಿನ ತೆಂಗಿನ ಸೀಮೆಯವಳು ನಾನು. ಒಳ್ಳೆಯ ನೀರೆಂದರೆ ಸಿಹಿನೀರೆಂದೇ ತಿಳಿದವಳು. "ಬಾವಿ ನೀರಂತೂ ಏನು ಸಿಹಿ ಅಂತೀರಾ! ಎಳನೀರು ಇದ್ದಂಗೆ."

ಲೋಟಕ್ಕೆ ಬಗ್ಗಿಸಿ ಒಂದು ಗುಟುಕು ಕುಡಿದರು. ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡರು. ಆಮೇಲೆ ಡಬ್ಬಿ ತೆಗೆದು, ಚಿಟಿಕೆ ಉಪ್ಪು ಉದುರಿಸಿ, ಬೆರಳಲ್ಲಿ ಕದಡಿ, ಮಿಕ್ಕಿದ್ದನ್ನು ಕುಡಿದು ಮುಗಿಸಿದರು.

"ಸಮುದ್ರದ ಪಕ್ಕದ ಬಾವಿ ಕಣೇ ಅದು. ನೀರು ಉಪ್ಪುಪ್ಪಾಗೇ ಇರ್ತಿತ್ತು."

ನಾನು ಬಾಟಲಿಯ ಮುಚ್ಚಳ ತಿರುಗಿಸತೊಡಗಿದೆ.

"ಮನೆ ಮಾರ್ಬಿಟ್ನಾ ನನ್ ತಮ್ಮ?"

"ಹೂಂ, ಮಿಸ್."

"ಅವನು ಬುಡು, ಯಾವತ್ತೂ ಅಂಥೋನೇ. ನೀನು ನನ್ನ ಹತ್ರ ಐದು ವರ್ಷ ಹೊಲಿಗೆ ಕಲಿತೋಳು."

ಟ್ರಂಕಿನ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಕಪಾಟಿನಲ್ಲಿಟ್ಟರು. ಕೈಜೋಡಿಸಲು ಹೋದರೆ ಬೇಡವೆಂದರು.

ಅದೇ ಕೋಣೆಯಲ್ಲಿ ಇನ್ನೂ ಮೂರು ವರ್ಷ ಇದ್ದರು. ಹೋದಾಗೆಲ್ಲ ಟೀ ಕೊಟ್ಟರು, ಮಕ್ಕಳ ಓದು ವಿಚಾರಿಸಿದರು. ಕೊನೆಯ ಸಲ ನೋಡಿದಾಗ ಜ್ವರಕ್ಕೆ ತುಟಿ ಒಣಗಿ ಬಿರಿದಿತ್ತು. ಲೋಟದಲ್ಲಿ ನೀರು ಹಿಡಿದು, ನಾನೇ ಉಪ್ಪು ಕದಡಿ, ಬಾಯಿಗೆ ಒಯ್ದೆ. ಮಿಸ್ ಮುಖ ತಿರುಗಿಸಿದರು. ಪಕ್ಕದ ಮನೆಯಾಕೆಯನ್ನು ಬೆರಳಲ್ಲೇ ಕರೆದು, ಅವಳು ಕೊಟ್ಟ ಸಪ್ಪೆ ನೀರನ್ನು ಕುಡಿದರು.